ಬೀರು ಮಾವ ಮಾಡಿಕೊಟ್ಟ ವೈಫೈ ಗೂಡುಗಳು

ನಮ್ಮ ಮಾವನವರಿಗೆ ಕಿವಿ ಕೇಳಿಸುವುದಿಲ್ಲ ಎಂಬುದು ಬೀದಿಗೆಲ್ಲ ಗೊತ್ತು. ಗೊತ್ತಿಲ್ಲದವರು ಅಂದರೆ ಅವರೊಬ್ಬರೇ. ಯಾರಾದರೂ ಆ ಮಾತೆತ್ತಿದರೆ, "ನಂಗೆ ಚೆನ್ನಾಗೇ ಕೇಳ್ಸತ್ತೆ, ನೀವು ಗೊಣಗ್ತೀರ ಅಷ್ಟೆ" ಎಂದು ತಪ್ಪನ್ನು ನಮ್ಮ ತಲೆಗೇ ಕಟ್ಟಿ ಎದ್ದುಹೋಗುತ್ತಾರೆ. ಗಂಟಲು ಹರಿದುಕೊಂಡು ಕೂಗಿದ ನಾವು ಗೊಣಗಿದವರು! ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಇದಕ್ಕಾಗಿ ಅತ್ತಿದ್ದೂ ಉಂಟು. ಈಗ ಅಭ್ಯಾಸವಾಗಿದೆ. ಅವರ ಎದುರಿಗೇ ನಿಂತು ಮನಸ್ಸಿಗೆ ಬಂದದ್ದನ್ನೆಲ್ಲ ಅಂದು ಬಿಡುತ್ತೇನೆ, ಅವರು ನಗುತ್ತಾ ತಲೆಯಾಡಿಸುತ್ತಾರೆ, ಇಬ್ಬರಿಗೂ ಸಮಾಧಾನ.

ಅವರದು ಕಬ್ಬಿಣದ ಬೀರು ಮಾಡುವ ಕಸುಬು. ಊರಿಗೆಲ್ಲ ಅವರು ಬೀರು ಮಾವ. ಅರ್ಧ ಊರಿನ ಬಟ್ಟೆಬರೆ, ಒಡವೆ, ಕಾಗದಪತ್ರ ಎಲ್ಲವೂ ಅವರು ಬಗ್ಗಿಸಿದ ತಗಡಿನೊಳಗೆ ಭದ್ರವಾಗಿವೆ. ಮೀಸೆ ಚಿಗುರುವ ಮೊದಲೇ ಸುತ್ತಿಗೆ ಹಿಡಿದವರು. ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕೆಂದು ಆಗ ಹೇಳುವವರೂ ಇರಲಿಲ್ಲ, ಹೇಳಿದ್ದರೂ ಇವರು ಕೇಳುವವರಾಗಿರಲಿಲ್ಲ. ಹಾಗಾಗಿ ತಗಡಿನ ಸದ್ದು ಕಿವಿಯನ್ನು ಸ್ವಲ್ಪ ಸ್ವಲ್ಪವೇ ತಿಂದುಹಾಕಿತು. ಬಸ್ಸು ಹತ್ತಲಿ, ಲಿಫ್ಟಿನೊಳಗೆ ನಿಲ್ಲಲಿ, ಬೀಗರ ಮನೆಯ ಫ್ರಿಜ್ ಎದುರಿಗೆ ಬರಲಿ, ಬೆರಳ ಗಂಟಿನಿಂದ ಒಮ್ಮೆ ತಟ್ಟಿ ನೋಡದೆ ಇರಲಾರರು. ಸದ್ದು ಕೇಳುವುದಿಲ್ಲ, ಆದರೆ ತಗಡಿನ ದಪ್ಪ ಬೆರಳಿಗೇ ಗೊತ್ತಾಗುತ್ತದಂತೆ. "ತೆಳ್ಳಗಿದೆ, ಮೋಸ" ಎಂದು ಬೀಗರ ಎದುರಿಗೇ ಘೋಷಿಸಿ, ನಾವೆಲ್ಲ ತಲೆ ತಗ್ಗಿಸುವಂತೆ ಮಾಡುತ್ತಾರೆ.

ಕೇಳಿಸದ ಮಾತಿಗೆಲ್ಲ ಅವರ ಹತ್ತಿರ ಒಂದೇ ಉತ್ತರ. ಮುಖ ಅರಳಿಸಿ, "ಹೌದೌದು, ಆಗ್ಲಿ." ಒಮ್ಮೆ ಒಬ್ಬ ಹೆಂಗಸು ಬಂದು, ಬೀರು ಬೇಕು, ಆದರೆ ಕನ್ನಡಿ ಮಾತ್ರ ಸುತರಾಂ ಬೇಡ ಎಂದು ಮೂರು ಮೂರು ಸಲ ಹೇಳಿ ಹೋದರು. ಇವರು ಮೂರು ಸಲವೂ ಹೌದೌದು ಎಂದರು. ಬೀರು ಸಿದ್ಧವಾದಾಗ ಅದರ ಬಾಗಿಲಿಗೆ ಆಳೆತ್ತರದ ಕನ್ನಡಿ ಹೊಳೆಯುತ್ತಿತ್ತು. ಆಯಮ್ಮ ಬೇರೆ ಕಡೆ ಹೋದರು, ಬೀರು ನಮ್ಮ ಮಹಡಿಯ ಪ್ಯಾಸೇಜಿಗೆ ಬಂತು. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ನಾನು ತಲೆ ಬಾಚಿಕೊಳ್ಳುವುದು ಅದರ ಮುಂದೆಯೇ, ಹಾಗಾಗಿ ಆ ಒಂದು ತಪ್ಪಿನ ಬಗ್ಗೆ ನನ್ನ ತಕರಾರಿಲ್ಲ. ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನಲ್ಲಿ ಕೂರುವವಳು. ಬಾಯಿ ತುಂಬ ಹತ್ತಿ ತುರುಕಿಕೊಂಡು ಬಂದವರು ಏನು ಹೇಳುತ್ತಿದ್ದಾರೆಂದು ನನಗೆ ಥಟ್ಟನೆ ತಿಳಿಯುತ್ತದೆ. ನಾನು ಹೇಳುವುದು ಮಾತ್ರ ನಮ್ಮ ಮಾವನಿಗೆ ತಿಳಿಯುವುದಿಲ್ಲ.

ಅವರು ನಿಜವಾಗಿ ಮಾತಾಡುವುದು ಒಬ್ಬಳ ಜೊತೆ, ಮಗಳ ಜೊತೆ. ಅಂದರೆ ನನ್ನ ನಾದಿನಿ. ಅವಳು ನಮ್ಮ ಹಾಗೆ ಅಡುಗೆಮನೆಯಿಂದ, ಬಚ್ಚಲಿನಿಂದ, ಬೆನ್ನು ಹಾಕಿಕೊಂಡು ಮಾತಾಡುವುದಿಲ್ಲ. ಅಪ್ಪನ ಎದುರಿಗೆ ಸ್ಟೂಲು ಎಳೆದುಕೊಂಡು, ಕಿಟಕಿಯ ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ಕೂರುತ್ತಾಳೆ. ದನಿ ಏರಿಸುವುದಿಲ್ಲ, ಬಾಯಿಯನ್ನು ಅಷ್ಟಗಲ ತೆರೆದು ಅಣಕಿಸಿದಂತೆಯೂ ಮಾಡುವುದಿಲ್ಲ. ನಿಧಾನವಾಗಿ ಹೇಳುತ್ತಾಳೆ ಅಷ್ಟೆ. ಮಾವ ಅವಳ ತುಟಿ ನೋಡುತ್ತಾ ಎಲ್ಲವನ್ನೂ ಹಿಡಿದುಕೊಳ್ಳುತ್ತಾರೆ. ಸಂಜೆ ಕೂತರೆಂದರೆ ಲೋಕದ ವಿಚಾರವೆಲ್ಲ ಆಗಬೇಕು. ಅವಳು ಹೇಳಿದ ಜೋಕಿಗೆ ಅವರು ಸರಿಯಾದ ಹೊತ್ತಿಗೆ ನಗುತ್ತಾರೆ. ನಮ್ಮ ಜೋಕುಗಳಿಗೆ ನಾವು ನಕ್ಕಾದ ಮೇಲೆ, ನಮ್ಮ ಮುಖ ನೋಡಿ ನಗುತ್ತಾರೆ.

ನಾದಿನಿ ಓದಿದ್ದು ಸನ್ನೆ ಭಾಷೆ. ಕಿವಿ ಕೇಳದ ರೋಗಿ ಆಸ್ಪತ್ರೆಗೆ ಹೋದಾಗ, ಅವಳು ದೂರದಲ್ಲಿ ಕೂತು ವಿಡಿಯೋದಲ್ಲಿ ರೋಗಿಯ ಕೈಸನ್ನೆಯನ್ನು ಡಾಕ್ಟರಿಗೆ ಬಾಯಿಮಾತಿನಲ್ಲೂ, ಡಾಕ್ಟರ ಮಾತನ್ನು ರೋಗಿಗೆ ಸನ್ನೆಯಲ್ಲೂ ತಲುಪಿಸಬೇಕು. ಅಂಥ ಸೇವೆ ನಡೆಸುವ ಕೇಂದ್ರವೊಂದು ಬೇರೆ ಊರಿನಲ್ಲಿದೆ. ಮಾವನಿಗೆ ಮಗಳ ಓದಿನ ಬಗ್ಗೆ ಎಲ್ಲಿಲ್ಲದ ಹೆಮ್ಮೆ. ಆದರೆ ನೀವೂ ನಾಲ್ಕು ಸನ್ನೆ ಕಲಿಯಬಹುದಲ್ಲ ಎಂದು ಯಾರಾದರೂ ಅಂದರೆ ಮಾತ್ರ ಮುಖ ಗಂಟಿಕ್ಕಿ, "ಅದು ಕಿವಿ ಕೇಳ್ಸದೋರಿಗೆ ಕಣಮ್ಮ" ಎನ್ನುತ್ತಾರೆ.

ಕೇಂದ್ರದವರು ಅವಳನ್ನು ಕೆಲಸಕ್ಕೆ ತೆಗೆದುಕೊಂಡರು. ಮನೆಯಿಂದಲೇ ಮಾಡಬಹುದು, ಆದರೆ ಮೊದಲು ಒಂದು ಪರೀಕ್ಷೆಯ ಕರೆ, ಅದರಲ್ಲಿ ಚಿತ್ರ ಎಲ್ಲೂ ನಿಲ್ಲಬಾರದು ಎಂದರು. ನಿಂತರೆ ಅವಳು ಅವರ ಊರಿಗೇ ಹೋಗಿ, ಅವರ ಕಚೇರಿಯಲ್ಲೇ ಕೂರಬೇಕು. ಅವರು ಹೇಳಿದ್ದು ನ್ಯಾಯವೇ. ಎದೆನೋವು ಎಡಕ್ಕೋ ಬಲಕ್ಕೋ ಎಂದು ರೋಗಿ ತೋರಿಸುವ ಹೊತ್ತಿಗೆ ಕೈ ಗಾಳಿಯಲ್ಲೇ ಅಂಟಿಕೊಂಡರೆ ಡಾಕ್ಟರು ಏನು ಮಾಡಬೇಕು?

ನಮ್ಮ ಮನೆಯ ಕಥೆ ಹೇಳುತ್ತೇನೆ ಕೇಳಿ. ಬೀದಿಗೆ ಮುಖ ಮಾಡಿ ಮುಂದೆ ವರ್ಕ್‌ಶಾಪು. ಅದರ ಹಿಂದೆ ಹಾಲು, ಅಡುಗೆಮನೆ. ನಡುವೆ ಮೆಟ್ಟಿಲು. ಮಹಡಿಯಲ್ಲಿ ಉದ್ದ ಪ್ಯಾಸೇಜು, ಅದರ ಕೊನೆಗೆ ನಾದಿನಿಯ ಕೋಣೆ. ಮನೆಯಲ್ಲಿ ಸುತ್ತಿಗೆಯ ಸದ್ದು ಮುಟ್ಟದ ಜಾಗ ಅದೊಂದೇ, ಆದ್ದರಿಂದ ಅವಳು ಕೆಲಸ ಮಾಡಬೇಕಾದದ್ದು ಅಲ್ಲಿಯೇ. ಆದರೆ ಇಂಟರ್ನೆಟ್ಟಿನ ತಂತಿ ಬಂದಿರುವುದು ಮುಂದಿನ ವರ್ಕ್‌ಶಾಪಿಗೆ. ವೈಫೈ ಅಲ್ಲಿಂದ ಹೊರಟು, ತಗಡಿನ ರಾಶಿ ದಾಟಿ, ಮಾರಾಟವಾಗದೆ ಮನೆ ಸೇರಿದ ಬೀರುಗಳ ಸಾಲನ್ನು ದಾಟಿ, ಮೆಟ್ಟಿಲು ಹತ್ತಿ ಅವಳ ಕೋಣೆ ಮುಟ್ಟುವ ಹೊತ್ತಿಗೆ ಉಸಿರು ಬಿಟ್ಟಿರುತ್ತದೆ. ಪರೀಕ್ಷೆಯ ಕರೆಯಲ್ಲಿ ಆದದ್ದೂ ಅದೇ. ನಾದಿನಿಯ ಕೈ ಮೂಗಿನ ಮುಂದೆ ನಿಂತೇಬಿಟ್ಟಿತು. ಕೇಂದ್ರದ ಮೇಡಂ ಒಳ್ಳೆಯವರು, ಬೇಸರ ಮಾಡಿಕೊಳ್ಳದೆ, "ಮನೇಲಿ ಸರಿ ಮಾಡ್ಕೊಳಿ, ಇನ್ನೊಂದು ಸಲ ನೋಡೋಣ. ಆಗ್ಲೂ ಹೀಗೇ ಆದ್ರೆ ಇಲ್ಲಿಗೇ ಬಂದ್ಬಿಡಿ" ಎಂದರು.

ಆ ಸಂಜೆ ಮಗಳು ಅಪ್ಪನ ಎದುರಿಗೆ ಸ್ಟೂಲು ಎಳೆದುಕೊಂಡು ಎಲ್ಲವನ್ನೂ ಹೇಳಿದಳು. ಮಾವ ಅವಳ ಬಾಯನ್ನೇ ನೋಡುತ್ತಿದ್ದರು. ಕೊನೆಗೆ, "ಹೋಗ್ಬೇಕಾಗತ್ತಾ?" ಎಂದು ಕೇಳಿದರು. "ಆಗ್ಬಹುದು ಅಪ್ಪ" ಎಂದಳು. ಅವರು ಎದ್ದು ಹೋಗಿ ವರ್ಕ್‌ಶಾಪಿನ ನೆಲ ಗುಡಿಸಿದರು. ಅದನ್ನು ಬೆಳಿಗ್ಗೆ ನನ್ನ ಗಂಡ ಗುಡಿಸಿಯಾಗಿತ್ತು. ಅವಳು ಹೋದರೆ ಈ ಮನುಷ್ಯನ ಜೊತೆ ಯಾರು ಮಾತಾಡುತ್ತಾರೆ ಎಂದು ನನ್ನ ಎದೆ ಚುರ್ ಎಂದಿತು. ನಾವೆಲ್ಲ ಇರುತ್ತೇವೆ, ಇಲ್ಲವೆಂದಲ್ಲ. ಅವರು ನಮಗೆಲ್ಲ ಹೌದೌದು ಎನ್ನುತ್ತಾ ಕೂತಿರುತ್ತಾರೆ, ಅಷ್ಟೆ.

ಮರುದಿನ ನಾನೂ ನಾದಿನಿಯೂ ಹೋಗಿ ಒಂದು ಸೆಟ್ಟು ಕೊಂಡು ತಂದೆವು. ಬಿಳಿ ಪ್ಲಾಸ್ಟಿಕ್ಕಿನ ಮೂರು ಪುಟ್ಟ ರೌಟರುಗಳು. ಮೂರೂ ಸೇರಿ ಮನೆಗೆಲ್ಲ ಒಂದೇ ವೈಫೈ ಹರಡುತ್ತವೆ, ಒಂದು ಇನ್ನೊಂದಕ್ಕೆ ದಾಟಿಸುತ್ತದೆ ಎಂದು ಅಂಗಡಿಯವನು ವಿವರಿಸಿದ್ದ. ಮಾವ ಒಂದನ್ನು ಕೈಗೆತ್ತಿಕೊಂಡು ಬೆರಳ ಗಂಟಿನಿಂದ ತಟ್ಟಿದರು. ಅವರ ಮುಖ ನೋಡಬೇಕಿತ್ತು.

"ಇದಕ್ಕೆ ಮೈಯೇ ಇಲ್ವಲ್ಲಮ್ಮ. ಇದ್ರ ಮೇಲೆ ಮಗಳ ಕೆಲಸ ನಿಂತಿದೆಯಾ?"

ನಾವಿಬ್ಬರೂ ಓದಿದವರಲ್ಲವೇ, ಅಷ್ಟೇನು ಎಂದುಕೊಂಡು ಶುರು ಮಾಡಿದೆವು. ಒಂದನ್ನು ವರ್ಕ್‌ಶಾಪಿನಲ್ಲಿ ತಂತಿಗೆ ಸಿಕ್ಕಿಸಿದೆವು. ಇನ್ನೊಂದನ್ನು, ಎಲ್ಲಿ ಬೇಕೋ ಅಲ್ಲೇ ಇಡೋಣವೆಂದು, ನೇರವಾಗಿ ನಾದಿನಿಯ ಮೇಜಿನ ಮೇಲೇ ಕೂರಿಸಿದೆವು. ಅದು ಕೆಂಪು ದೀಪ ಬಿಟ್ಟುಕೊಂಡು ನಮ್ಮನ್ನು ದುರುಗುಟ್ಟಿತು. ಬಿಚ್ಚಿ ಮತ್ತೆ ಸಿಕ್ಕಿಸಿದೆವು. ಮತ್ತೆ ಕೆಂಪು. ಮೂರನೆಯದನ್ನು ಅದರ ಪಕ್ಕಕ್ಕೇ ಇಟ್ಟೆವು, ಒಂಟಿಯಾಗಿ ಹೆದರಿದೆಯೋ ಏನೋ ಎಂದು. ಈಗ ಎರಡು ಕೆಂಪು. ನಾನು ಆ ಡಬ್ಬಿಗಳಿಗೆ ಬಾಯಿಗೆ ಬಂದದ್ದನ್ನೆಲ್ಲ ಅಂದೆ.

ಕೊನೆಗೆ ಉಪಾಯ ಹೇಳಿದವರು ಅತ್ತೆ. ಅವರು ಬಾಗಿಲಲ್ಲಿ ನಿಂತು ತಮಾಷೆ ನೋಡುತ್ತಿದ್ದರು. "ಅಲ್ಲಾ, ನಾನು ಅಡುಗೆಮನೆಯಿಂದ ಊಟಕ್ಕೆ ಬನ್ನಿ ಅಂತ ಕೂಗಿದ್ರೆ ನಿಮಗೆ ಯಾವತ್ತಾದ್ರೂ ಕೇಳ್ಸಿದ್ಯಾ? ಮೆಟ್ಟಿಲ ತಿರುವಲ್ಲಿ ನನ್ನ ಮಗ ನಿಂತು ತಿರುಗಿ ಕೂಗಿದ್ರೆ ತಾನೆ ನೀವು ಕೆಳಗಿಳಿಯೋದು? ಆ ಡಬ್ಬಿಗೂ ಅಲ್ಲೊಂದು ಆಳು ನಿಲ್ಸಿ."

ನಾದಿನಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಈ ಮನೆಯಲ್ಲಿ ಸುದ್ದಿ ಸಾಗುವುದೇ ಹಾಗೆ. ಅತ್ತೆ ಕೆಳಗಿಂದ ಕೂಗುತ್ತಾರೆ, ನನ್ನ ಗಂಡ ತಿರುವಿನಲ್ಲಿ ಹಿಡಿದು ಮೇಲಕ್ಕೆ ದಾಟಿಸುತ್ತಾರೆ, ನಾನು ಪ್ಯಾಸೇಜಿನಿಂದ ಕೋಣೆಗೆ ಮುಟ್ಟಿಸುತ್ತೇನೆ. ಒಂದು ಡಬ್ಬಿಯನ್ನು ಮೆಟ್ಟಿಲ ತಿರುವಿನ ಗೋಡೆಗೆ, ಇನ್ನೊಂದನ್ನು ಪ್ಯಾಸೇಜಿನಲ್ಲಿ ಕೋಣೆಯ ಬಾಗಿಲ ಹೊರಗೆ ಇಟ್ಟೆವು. ಲೋಹದ ವಸ್ತುಗಳಿಂದ ದೂರ ಇಡಿ ಎಂದು ಜೊತೆಗಿದ್ದ ಕಾಗದದಲ್ಲಿ ಹೇಳಿತ್ತು. ನಮ್ಮ ಮನೆಯಲ್ಲಿ ಲೋಹದಿಂದ ದೂರ ಹೋಗಬೇಕೆಂದರೆ ಪಕ್ಕದ ಮನೆಗೇ ಹೋಗಬೇಕು. ಆದರೂ ಕನ್ನಡಿಯ ಬೀರನ್ನು ನಾಲ್ವರು ಸೇರಿ ಏದುಸಿರು ಬಿಡುತ್ತಾ ಪ್ಯಾಸೇಜಿನ ಆ ತುದಿಗೆ ತಳ್ಳಿದೆವು. ದೀಪಗಳು ಒಂದೊಂದಾಗಿ ನೀಲಿಯಾದವು. ನಾದಿನಿ ಫೋನು ಹಿಡಿದು ಗೆಳತಿಯ ಜೊತೆ ವಿಡಿಯೋದಲ್ಲಿ ಮಾತಾಡುತ್ತಾ ವರ್ಕ್‌ಶಾಪಿನಿಂದ ತನ್ನ ಕೋಣೆಯವರೆಗೂ ನಡೆದಳು. ಚಿತ್ರ ಎಲ್ಲೂ ತಡವರಿಸಲಿಲ್ಲ. ಅತ್ತೆಯಂತೂ, "ನಾನು ಹೇಳ್ಲಿಲ್ವಾ" ಎಂದು ಆ ದಿನವಿಡೀ ನಮ್ಮನ್ನು ಬಿಡಲಿಲ್ಲ.

ಇಲ್ಲಿಗೇ ಮುಗಿದಿದ್ದರೆ ನಾನು ಈ ಕಥೆ ಹೇಳುತ್ತಲೇ ಇರಲಿಲ್ಲ.

ಮಾವ ಆಮೇಲೆ ವರ್ಕ್‌ಶಾಪಿನಿಂದ ಹೊರಗೆ ಬರುವುದೇ ಅಪರೂಪವಾಯಿತು. ಊಟಕ್ಕೆ ಕರೆದರೆ ಅರ್ಧ ಊಟ ಮಾಡಿ ಓಡುತ್ತಿದ್ದರು. ಏನು ನಡೀತಿದೆ ಎಂದು ಗಂಡನನ್ನು ಕೇಳಿದರೆ, "ಏನೋ ಮಾಡ್ತಿದಾರೆ, ನೋಡೋಕೂ ಬಿಡ್ತಿಲ್ಲ, ಪೇಂಟು ಮಾತ್ರ ನನ್ನ ಕೈಲಿ ಹೊಡೆಸ್ಕೊಂಡ್ರು" ಎಂದರು. ಒಂದು ಬೆಳಿಗ್ಗೆ ಎಲ್ಲರನ್ನೂ ಹಾಲಿಗೆ ಕರೆದರು. ಮೇಜಿನ ಮೇಲೆ ಬಟ್ಟೆ ಮುಚ್ಚಿದ್ದ ಏನೋ ಇತ್ತು. ಬಟ್ಟೆ ತೆಗೆದರು. ಗಿಳಿಹಸಿರು ಬಣ್ಣದ ಮೂರು ಪುಟಾಣಿ ಬೀರುಗಳು! ರೌಟರು ಸರಿಯಾಗಿ ಕೂರುವ ಅಳತೆ. ಬಾಗಿಲು, ಚಿಲಕ, ಹಿಡಿಕೆ, ಪಕ್ಕದಲ್ಲಿ ಗಾಳಿಕಿಂಡಿ, ಹಿಂದೆ ತಂತಿ ಹೋಗಲು ಪುಟ್ಟ ತೂತು. ಅಂಚುಗಳನ್ನು ಎಷ್ಟು ನಯವಾಗಿ ಮಡಿಸಿದ್ದರೆಂದರೆ ಬೆರಳಾಡಿಸಿದರೆ ಎಲ್ಲೂ ತಡೆಯುತ್ತಿರಲಿಲ್ಲ. ಅವರ ಕೈಯಿಂದ ಅಷ್ಟು ಚೆಂದದ ಕೆಲಸವನ್ನು ನಾನು ನೋಡಿರಲಿಲ್ಲ.

"ಪೇಂಟಿನ ಧೂಳು, ತಗಡಿನ ಪುಡಿ, ಯಾವುದೂ ಹೋಗಲ್ಲ ಒಳಗೆ" ಎಂದು ಮಗಳ ಕಡೆ ನೋಡಿ ಹೇಳಿದರು. "ಇನ್ನು ನಿನ್ನ ಕೆಲಸಕ್ಕೆ ಏನೂ ಆಗಲ್ಲ. ದಪ್ಪ ತಗಡು ಹಾಕಿದೀನಿ."

ದಪ್ಪ ತಗಡು! ನನಗೆ ತಲೆ ಮೇಲೆ ಕೈಹೊತ್ತು ಕೂರುವಂತಾಯಿತು. ನಾದಿನಿ ಮಾತ್ರ ಎದ್ದು ಹೋಗಿ ಅಪ್ಪನನ್ನು ತಬ್ಬಿಕೊಂಡಳು. ಅವರು ತಾವೇ ಮೂರನ್ನೂ ಗೋಡೆಗೆ ಸ್ಕ್ರೂ ಹಾಕಿ ಬಿಗಿದು, ಡಬ್ಬಿಗಳನ್ನು ಒಳಗೆ ಕೂರಿಸಿ, ಬಾಗಿಲು ಹಾಕಿದರು. ಕೋಣೆಯಲ್ಲಿ ವೈಫೈ ಗೊಟಕ್ ಎಂದಿತು.

"ಹೇಳೇ, ಈಗ್ಲೇ ಹೇಳು" ಎಂದು ನಾನು ನಾದಿನಿಯ ಬೆನ್ನು ಹತ್ತಿದೆ.

"ಬೇಡ ಅತ್ತಿಗೆ. ಎಷ್ಟು ಖುಷಿಯಾಗಿದಾರೆ ನೋಡಿ. ಬಾಗ್ಲು ತೆಗೆದಿಟ್ರೆ ಸಾಕು, ಬರತ್ತೆ. ನೋಡ್ದೆ ಆಗ್ಲೇ."

ಅವಳಿಗೆ ಹೇಳಲು ಬರುತ್ತಿತ್ತು, ಮನಸ್ಸಿರಲಿಲ್ಲ. ನನಗೆ ಮನಸ್ಸಿತ್ತು, ಹೇಳಲು ಬರುತ್ತಿರಲಿಲ್ಲ. ಬಿಡಲಾರದೆ ಒಂದು ಸಲ ಮಾವನ ಕಿವಿಯ ಹತ್ತಿರ ಹೋಗಿ, "ಮಾವ, ತಗಡು ವೈಫೈನ ತಡೆಯತ್ತೆ!" ಎಂದು ಕಿರುಚಿದೆ. ಎದುರುಮನೆಯ ಟೈಲರು ಹೊಲಿಗೆ ನಿಲ್ಲಿಸಿ ಹೊರಗೆ ಇಣುಕಿದ. ಮಾವ ನಕ್ಕು, "ಹೌದೌದು, ಆಗ್ಲಿ" ಎಂದರು.

ಹೀಗೆ ನಮ್ಮ ಕಳ್ಳಾಟ ಶುರುವಾಯಿತು. ಅವರು ಅತ್ತ ಹೋದರೆ ನಾವು ಬಾಗಿಲು ತೆಗೆಯುವುದು, ಇತ್ತ ಬಂದರೆ ಅವರು ಮುಚ್ಚುವುದು. ಅತ್ತೆ ಸೊಪ್ಪು ಬಿಡಿಸುತ್ತಾ ಕಾವಲು ಕೂರುತ್ತಿದ್ದರು. ಗಂಡ ಮೆಟ್ಟಿಲು ಹತ್ತುವಾಗ ತಿರುವಿನಲ್ಲಿ ಒಂದು ಕೈ ಚಾಚಿ ಚಿಲಕ ಎಳೆದು ಹೋಗುತ್ತಿದ್ದರು. ಒಮ್ಮೆ ನಾನು ಪ್ಯಾಸೇಜಿನದನ್ನು ತೆಗೆಯುತ್ತಿರುವಾಗಲೇ ಮಾವ ಎದುರಾದರು. ನಾನು ಸೆರಗಿನಿಂದ ಬಾಗಿಲು ಒರೆಸುವವಳ ಹಾಗೆ ನಟಿಸಿದೆ. ಅವರು ಮೆಚ್ಚಿ ತಲೆಯಾಡಿಸಿ, "ಹೊಳಪು ಹೋಗಬಾರ್ದು ನೋಡು" ಎಂದು ತಾವೇ ಮುಚ್ಚಿ ಹೋದರು. ನಗು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಆದರೆ ಮನೆಮಂದಿಯೆಲ್ಲ ಸೇರಿ ಒಬ್ಬ ಬೀರು ಮಾಡುವವರಿಗೆ ಹೀಗೆ ಮಾಡಬಾರದಿತ್ತು. ಪದೇ ಪದೇ ಬಾಗಿಲು ತೆರೆದಿರುವುದನ್ನು ನೋಡಿ ಅವರು ಅಂದುಕೊಂಡದ್ದೇ ಬೇರೆ. ತಾನು ಮಾಡಿದ ಚಿಲಕ ಸಡಿಲ, ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತಿದೆ! ಅಷ್ಟು ವರ್ಷದ ಕಸುಬಿನಲ್ಲಿ ಅವರ ಬೀರಿನ ಬಾಗಿಲು ತಾನಾಗಿ ತೆರೆದದ್ದಿಲ್ಲ. ಆ ಅವಮಾನ ಅವರ ನಿದ್ದೆ ಕೆಡಿಸಿತ್ತೆಂದು ನಮಗೆ ತಿಳಿದದ್ದು ಆಮೇಲೆ.

ಎರಡನೆಯ ಪರೀಕ್ಷೆಯ ದಿನ ನಾನು ಕ್ಲಿನಿಕ್ಕಿಗೆ ರಜೆ ಹಾಕಿದ್ದೆ. ನಾದಿನಿ ಬೆಳಿಗ್ಗೆಯೇ ಮೂರು ಬಾಗಿಲೂ ತೆರೆದಿರುವುದನ್ನು ನೋಡಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕಿ, ಕರೆ ಶುರುವಾಗುವ ಹೊತ್ತಿಗೆ ಮೇಲೆ ಬಂದೆ. ಪ್ಯಾಸೇಜಿನ ಗೂಡಿನ ಬಾಗಿಲು ಮುಚ್ಚಿತ್ತು. ಎಳೆದೆ, ಬರಲಿಲ್ಲ. ಕಣ್ಣಿಟ್ಟು ನೋಡಿದರೆ ಚಿಲಕದ ಜಾಗದಲ್ಲಿ, ಬಳಿದ ಹಸಿರು ಪೇಂಟು ಇನ್ನೂ ಆರದ ಹೊಚ್ಚ ಹೊಸ ಬೀಗ! ಓಡಿ ತಿರುವಿಗೆ ಬಂದೆ. ಅಲ್ಲಿಯೂ ಬೀಗ. ಮಗಳ ಪರೀಕ್ಷೆಯ ದಿನ ಬಾಗಿಲು ತೆರೆದುಕೊಂಡು ಮಾನ ಹೋಗಬಾರದೆಂದು ಮಾವ ನಾನು ಹಿತ್ತಲಲ್ಲಿದ್ದಾಗ ಬಂದು, ಮೂರಕ್ಕೂ ಬೀಗ ಕೂರಿಸಿ ಜಡಿದು, ಕೀಲಿಕೈಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಳಗೆ ಹೋಗಿದ್ದರು.

ಕೋಣೆಯ ಬಾಗಿಲು ಸ್ವಲ್ಪ ತೆರೆದು ನಾದಿನಿಯ ಒಂದು ಕೈ ಹೊರಗೆ ಬಂತು. ಅದು ಗಾಬರಿಯಿಂದ ಗಾಳಿಯನ್ನು ಕರೆಯುತ್ತಿತ್ತು. ಒಳಗೆ ಅವಳು, "ಒಂದೇ ನಿಮಿಷ ಮೇಡಂ, ಪರೀಕ್ಷೆ ಈಗ್ಲೇ ಶುರು ಮಾಡ್ಬೇಡಿ, ಕಾಣಿಸ್ತಿದೆಯಾ ಮೇಡಂ?" ಎನ್ನುತ್ತಿದ್ದಳು.

ನಾನು ಎದ್ದೆನೋ ಬಿದ್ದೆನೋ ಎಂದು ವರ್ಕ್‌ಶಾಪಿಗೆ ಓಡಿದೆ. ಗಂಡ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬೀದಿಯ ಕಡೆ ಪೇಂಟು ಹೊಡೆಯುತ್ತಿದ್ದರು. ಮಾವ ತಗಡಿನ ಅಂಚು ಬಡಿಯುತ್ತಿದ್ದರು. "ಮಾವ, ಬೀಗ! ಬೀಗ ತೆಗೀರಿ!" ಎಂದು ಕೂಗಿದೆ. ಅವರು ತಲೆಯೆತ್ತಿ ನೋಡಿ ನಕ್ಕು, "ಹೌದೌದು, ಆಗ್ಲಿ" ಎಂದು ಮತ್ತೆ ಸುತ್ತಿಗೆ ಎತ್ತಿದರು. ನನಗೆ ಅಳು ಬಂತು. ಆ ಸುತ್ತಿಗೆ ಕಿತ್ತು ಬಿಸಾಡೋಣವೆನಿಸಿತು.

ಆಗ ಗಂಡ ನನ್ನನ್ನು ನೋಡಿ, ಪೇಂಟಿನ ಗನ್ನು ಹಿಡಿದುಕೊಂಡೇ, ಏನು ಎಂಬಂತೆ ಅಂಗೈ ಮೇಲೆ ಮಾಡಿ ತಿರುಗಿಸಿದರು. ವರ್ಕ್‌ಶಾಪಿನಲ್ಲಿ ಯಾರೂ ಬಾಯಿಂದ ಮಾತಾಡುವುದಿಲ್ಲ. ಆ ಗದ್ದಲದಲ್ಲಿ ಒಳ್ಳೆಯ ಕಿವಿಯವರಿಗೂ ಏನೂ ಕೇಳುವುದಿಲ್ಲ. ತಗಡು ಹಿಡಿ, ತಿರುಗಿಸು, ನಿಲ್ಲಿಸು, ಎಲ್ಲವೂ ಕೈಯಲ್ಲೇ. ಟೀ ತಂದುಕೊಟ್ಟು ಲೋಟಕ್ಕಾಗಿ ಕಾಯುತ್ತಾ ಇಷ್ಟು ವರ್ಷ ನಾನು ನೋಡುತ್ತಲೇ ಬಂದಿದ್ದೆ.

ಮಾವನ ಎದುರಿಗೆ ಹೋಗಿ ನಿಂತೆ. ಎರಡು ಅಂಗೈ ಜೋಡಿಸಿ ಪುಸ್ತಕ ಬಿಚ್ಚಿದಂತೆ ಬಿಚ್ಚಿದೆ. ಅವರಲ್ಲಿ ಅದು ಬೀರಿನ ಬಾಗಿಲು. ಮುಷ್ಟಿ ಕಟ್ಟಿ ಮೇಲಕ್ಕೆ ಎತ್ತಿದೆ. ಕಳಚು. ಮಹಡಿಯ ಕಡೆ ಬೆರಳು ತೋರಿಸಿದೆ. ಸುತ್ತಿಗೆ ಅಲ್ಲೇ ನಿಂತಿತು. ಮಿಕ್ಕದ್ದಕ್ಕೆ ನನಗೆ ಸನ್ನೆ ಗೊತ್ತಿರಲಿಲ್ಲ. ನಾದಿನಿ ಮಾಡುವ ಹಾಗೆ ಎರಡೂ ಕೈಗಳನ್ನು ಮುಖದ ಮುಂದೆ ಆಡಿಸಿ, ನಡುವೆಯೇ ಬೊಂಬೆಯಂತೆ ನಿಲ್ಲಿಸಿಬಿಟ್ಟೆ. ಆಮೇಲೆ ಅವರ ಮುಂದಿದ್ದ ತಗಡನ್ನು ಬೆರಳಿಂದ ತಟ್ಟಿ ತೋರಿಸಿದೆ.

ಅವರು ನಿಂತುಹೋದ ನನ್ನ ಕೈಗಳನ್ನು ನೋಡಿದರು. ತಗಡನ್ನು ನೋಡಿದರು. "ನನ್ನ ಗೂಡಾ?" ಎಂದರು, ಮೆಲ್ಲಗೆ. ನಾನು ತಲೆಯಾಡಿಸಿದೆ. ಅವರಿಗೆ ನೊಂದುಕೊಳ್ಳಲು ಪುರಸೊತ್ತಿರಲಿಲ್ಲ. ವರ್ಕ್‌ಶಾಪಿನದರ ಬೀಗ ತೆಗೆದು, ಕೀಲಿಕೈ ಒಂದನ್ನು ಮಗನ ಕಡೆ ಎಸೆದು ಪ್ಯಾಸೇಜಿನದನ್ನು ತೆಗೆಯಲು ಓಡಿಸಿ, ತಾವು ತಿರುವಿಗೆ ಹಾರಿದರು. ಅಲ್ಲಿನ ಬೀಗ ಬರಲಿಲ್ಲ. ಹಸಿ ಪೇಂಟು ಒಳಗಿಳಿದು ಕಚ್ಚಿಕೊಂಡಿತ್ತು. ಅವರು ಸೊಂಟದಿಂದ ಸುತ್ತಿಗೆ ತೆಗೆದರು. ಮೇಲೆ ಕರೆ ನಡೆಯುತ್ತಿದೆ, ಇವರು ಬಡಿದರೆ ಮೇಡಂ ಕುರ್ಚಿಯಿಂದ ಬೀಳುತ್ತಾರೆ! ನಾನು ತುಟಿಗೆ ಬೆರಳಿಟ್ಟೆ. ಅವರು ಹೆಗಲ ಮೇಲಿನ ಟವೆಲನ್ನು ಮಡಿಸಿ ಬಾಗಿಲ ಕೀಲಿನ ಮೇಲಿಟ್ಟು, ಸ್ಕ್ರೂಡ್ರೈವರಿನಿಂದ ಒತ್ತಿ ಒತ್ತಿ ಪಿನ್ನುಗಳನ್ನು ಸದ್ದಿಲ್ಲದೆ ಮೇಲಕ್ಕೆ ಎಬ್ಬಿಸಿದರು. ಹಸಿರು ಬಾಗಿಲು ಅವರ ಕೈಗೆ ಬಂತು. ಅದನ್ನು ನನಗೆ ಕೊಟ್ಟು, ಒಳಗಿನ ಬಿಳಿ ಡಬ್ಬಿಯನ್ನು ಹೊರಗೆಳೆದರು.

ತಂತಿ ಗಿಡ್ಡ. ಇಡಲು ಅಲ್ಲೊಂದು ಹಲಗೆಯೂ ಇಲ್ಲ. ಮಾವ ಆ ಡಬ್ಬಿಯನ್ನು ಎರಡೂ ಅಂಗೈಗಳಲ್ಲಿ ಎತ್ತಿ ಹಿಡಿದು ತಿರುವಿನಲ್ಲಿ ನಿಂತರು. ಕೆಂಪು ದೀಪ ಮಿಣುಕುತ್ತಾ ಮಿಣುಕುತ್ತಾ ನೀಲಿಯಾಯಿತು. ಮೇಲೆ ನಾದಿನಿಯ ದನಿ ಸಲೀಸಾಯಿತು. ಪ್ಯಾಸೇಜಿನಿಂದ ಗಂಡ ಇಳಿದು ಬಂದು, ತಾವು ಹಿಡಿದುಕೊಳ್ಳುವುದಾಗಿ ಕೈ ಚಾಚಿದರೆ ಮಾವ ಬೇಡವೆಂದು ತಲೆಯಲ್ಲಾಡಿಸಿದರು. ಅತ್ತೆ ಕುರ್ಚಿ ತಂದರೆ ಕೂರಲಿಲ್ಲ. ಹಣೆಯಿಂದ ಬೆವರು ಮೂಗಿಗಿಳಿಯುತ್ತಿತ್ತು, ನಾನು ಸೆರಗಿನಿಂದ ಒರೆಸಿದೆ. ಆ ಕರೆ ಮುಗಿಯುವವರೆಗೂ ಅವರು ಕಣ್ಣಲ್ಲಿ ಕಣ್ಣಿಟ್ಟು ಆ ನೀಲಿ ದೀಪವನ್ನೇ ನೋಡುತ್ತಾ ನಿಂತಿದ್ದರು. ಆ ಮನುಷ್ಯನ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ ನನಗೆ ಗೊತ್ತಿಲ್ಲ.

ಕೋಣೆಯ ಬಾಗಿಲು ತೆರೆಯಿತು. ನಾದಿನಿ ಮೆಟ್ಟಿಲು ಹಾರಿ ಇಳಿದು ಬಂದಳು. ಬಂದವಳೇ, "ಆಯ್ತು, ಸಿಕ್ತು, ಮನೆಯಿಂದ್ಲೇ ಮಾಡಿ ಅಂದ್ರು" ಎಂದು ಅಮ್ಮನ ಹೆಗಲಿಗೆ ಮುಖ ಒತ್ತಿ ಅಳಲು ಶುರು ಮಾಡಿದಳು. ಅತ್ತೆ ಅವಳ ತಲೆ ಸವರುತ್ತಾ ಒಂದು ಹೇಳುತ್ತಿದ್ದರು, ಗಂಡ ನಗುತ್ತಾ ಇನ್ನೊಂದು, ನಾನು ಮತ್ತೊಂದು. ಎಲ್ಲರೂ ಒಟ್ಟಿಗೆ, ಎಲ್ಲರೂ ಬೇರೆ ಬೇರೆ ಕಡೆ ಮುಖ ಮಾಡಿ.

ಮಾವ ಡಬ್ಬಿ ಹಿಡಿದುಕೊಂಡೇ ನಮ್ಮನ್ನೆಲ್ಲ ಒಬ್ಬೊಬ್ಬರನ್ನೇ ನೋಡಿದರು. ಮಗಳ ಮುಖ ಅವರಿಗೆ ಕಾಣುತ್ತಿರಲಿಲ್ಲ, ಅಲುಗುವ ಬೆನ್ನಷ್ಟೇ ಕಾಣುತ್ತಿತ್ತು. ಆ ಅಳು ಯಾವ ಅಳು ಎಂದು ಅವರಿಗೆ ಹೇಗೆ ತಿಳಿಯಬೇಕು? ಅಭ್ಯಾಸದಂತೆ ಮುಖ ಅರಳಿಸಿ, "ಹೌದೌದು" ಎಂದರು. ಆಮೇಲೆ ಆ ನಗು ಅವರ ಮುಖದಿಂದ ಇಳಿದುಹೋಯಿತು.

"ನಂಗೆ ಕೇಳ್ಸಲಿಲ್ಲ" ಎಂದರು.

ಎಲ್ಲರೂ ಅವರ ಕಡೆ ತಿರುಗಿದೆವು. ಈ ಮನೆಯಲ್ಲಿ ಆ ಮಾತು ಅವರ ಬಾಯಿಂದ ಯಾರೂ ಕೇಳಿರಲಿಲ್ಲ. ಅತ್ತೆ ಕೂಡ ಕೇಳಿರಲಿಲ್ಲ.

"ನಂಗೆ ಏನೂ ಕೇಳಿಸ್ತಾ ಇಲ್ಲಮ್ಮ" ಎಂದು ನನ್ನ ಕಡೆ ತಿರುಗಿದರು. "ಅವಳು ಹೋಗ್ಬೇಕಾ? ನೀನು ಹೇಳು."

ನಾನು ಕೈಯಲ್ಲಿದ್ದ ಬಾಗಿಲನ್ನು ಕೆಳಗಿಟ್ಟೆ. ಅವರ ಎದುರಿಗೆ, ಕಿಟಕಿಯ ಬೆಳಕು ನನ್ನ ಮುಖದ ಮೇಲೆ ಬೀಳುವ ಕಡೆ ಹೋಗಿ ನಿಂತೆ. ಕೂಗಲಿಲ್ಲ.

"ಅವಳು ಇಲ್ಲೇ ಇರ್ತಾಳೆ, ಮಾವ."

ಅವರು ನನ್ನ ತುಟಿಗಳನ್ನು ನೋಡಿದರು. ಅರ್ಥವಾಯಿತೆಂದು ಕಣ್ಣಿನಲ್ಲೇ ಗೊತ್ತಾಯಿತು. ಆದರೂ, "ಇನ್ನೊಂದ್ಸಲ ಹೇಳು" ಎಂದರು. ಹೇಳಿದೆ. "ಇನ್ನೊಂದ್ಸಲ" ಎಂದರು. ಈ ಸಲ ನನ್ನ ಬಾಯಿ ನೆಟ್ಟಗೆ ನಿಲ್ಲದೆ ಅಳುವಿನಿಂದ ಸೊಟ್ಟಗಾಗುತ್ತಿತ್ತು, ಆದರೂ ಅವರಿಗೆ ತಿಳಿಯಿತು.